ಉದ್ಯಾನದ ನುಗ್ಗೆ ಮರಗಳಲ್ಲಿ ಕಂಬಳಿಹುಳು: ಮರ ಕಡಿಸಬೇಕೇ?

ಮನೆ ಸಂಖ್ಯೆ 23, ಎರಡನೇ ಅಡ್ಡರಸ್ತೆ:
ಎಲ್ಲರಿಗೂ ನಮಸ್ಕಾರ. ಉದ್ಯಾನದ ಬೇಲಿಯುದ್ದಕ್ಕೂ ಇರುವ ನುಗ್ಗೆ ಮರಗಳಿಗೆ ಈ ಮಳೆಗಾಲದಲ್ಲೂ ಕಂಬಳಿಹುಳು ಬಿದ್ದಿದೆ. ನಿನ್ನೆ ಸಂಜೆ ಆಡಲು ಹೋಗಿದ್ದ ನನ್ನ ಮಗ ಗೊತ್ತಿಲ್ಲದೆ ಬೊಡ್ಡೆಗೆ ಕೈ ಊರಿದ್ದಾನೆ. ರಾತ್ರಿಯ ಹೊತ್ತಿಗೆ ಅಂಗೈಯಿಂದ ಮೊಣಕೈವರೆಗೂ ದದ್ದು ಎದ್ದು, ಉರಿ ತಾಳಲಾರದೆ ಮಗು ಬೆಳಗಿನವರೆಗೆ ನಿದ್ದೆ ಮಾಡಲಿಲ್ಲ. ಹೋದ ವರ್ಷ ಸಂಘದ ಹಣದಲ್ಲಿ ಔಷಧಿ ಹೊಡೆಸಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ಆದ್ದರಿಂದ ಏಳೂ ಮರಗಳನ್ನು ಕಡಿಸಬೇಕೆಂದು ವಿನಂತಿಸುತ್ತೇನೆ.

ಮನೆ ಸಂಖ್ಯೆ 9, ಉದ್ಯಾನದ ಎದುರು:
ನನ್ನ ಸಹಮತವಿದೆ. ನಮ್ಮ ಕಾಂಪೌಂಡ್ ಗೋಡೆಯ ಮೇಲೂ ಹುಳುಗಳು ಹರಿದಾಡುತ್ತಿದ್ದು, ಬಟ್ಟೆ ಒಣಹಾಕಲು ಹೆದರಿಕೆಯಾಗುತ್ತಿದೆ.

ಮನೆ ಸಂಖ್ಯೆ 41, ನಾಲ್ಕನೇ ಅಡ್ಡರಸ್ತೆ:
ಮೊದಲು ಮಗುವಿನ ವಿಷಯ. ತುರಿಕೆ ಬಂದ ಜಾಗವನ್ನು ದಯವಿಟ್ಟು ಉಜ್ಜಬೇಡಿ. ಅಂಟುಪಟ್ಟಿಯನ್ನು ಚರ್ಮಕ್ಕೆ ಒತ್ತಿ ಎಳೆದರೆ ನೆಟ್ಟುಕೊಂಡಿರುವ ರೋಮಗಳು ಅದಕ್ಕೆ ಅಂಟಿ ಬರುತ್ತವೆ; ಆಮೇಲೆ ಸಾಬೂನು ನೀರಿನಲ್ಲಿ ತೊಳೆಯಿರಿ, ಹಾಕಿದ್ದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಕಣ್ಣಿಗೆ ತಾಗಿದ್ದರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ.

ಇನ್ನು ಮರ ಕಡಿಸುವ ಮಾತು. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಹೇಳಿದವಳಾಗಿ, ಹೋದ ವರ್ಷದ ಔಷಧಿ ಏಕೆ ವ್ಯರ್ಥವಾಯಿತೆಂಬುದನ್ನು ಇಲ್ಲಿ ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಇದು ಯುಪ್ಟಿರೋಟ್ ಮೊಲಿಫೆರಾ ಎಂಬ ಪತಂಗದ ಮರಿ. ತಾಯಿ ಪತಂಗ ನುಗ್ಗೆಯ ಎಲೆ ಮತ್ತು ಎಳೆಯ ಕುಡಿಗಳ ಮೇಲೆ ಗುಂಪುಗುಂಪಾಗಿ ಮೊಟ್ಟೆಯಿಡುತ್ತದೆ. ಒಡೆದು ಬಂದ ಮರಿಗೆ ತಿನ್ನುವುದು ಮತ್ತು ಬೆಳೆಯುವುದು, ಇವೆರಡೇ ಕೆಲಸ. ಮೈ ಬೆಳೆದಂತೆ ಹೊರಗಿನ ಪೊರೆ ಹಿಗ್ಗದಾದ್ದರಿಂದ ಅದು ಮತ್ತೆ ಮತ್ತೆ ಪೊರೆ ಕಳಚುತ್ತದೆ, ಮತ್ತು ಕಳಚಿ ಬಿದ್ದ ಆ ಪೊರೆಯಲ್ಲೂ ರೋಮಗಳಿರುವುದರಿಂದ ಹುಳು ಕಾಣದ ಕಡೆಯೂ ಕೈಗೆ ತುರಿಕೆ ಹತ್ತಬಹುದು. ಪೂರ್ತಿ ಬೆಳೆದ ಮೇಲೆ ಅದು ಬೊಡ್ಡೆಯಿಂದಿಳಿದು ಮಣ್ಣು ಸೇರಿ ಕೋಶವಾಗುತ್ತದೆ, ಅಂದರೆ ಹುಳು ಪತಂಗವಾಗಿ ಮಾರ್ಪಡುವ ನಡುವಿನ ಹಂತಕ್ಕೆ ಬರುತ್ತದೆ. ಕೋಶ ಎಲೆ ತಿನ್ನುವುದಿಲ್ಲ, ಮರ ಹತ್ತುವುದಿಲ್ಲ. ಹೋದ ವರ್ಷ ನಾವು ಸಭೆ ಸೇರಿ, ಹಣ ಒಟ್ಟುಮಾಡಿ, ಎಲೆಗಳಿಗೆ ಔಷಧಿ ಹೊಡೆಸುವಷ್ಟರಲ್ಲಿ ಹುಳುಗಳು ಮಣ್ಣಿನೊಳಗಿದ್ದವು. ಔಷಧಿ ಬಿದ್ದದ್ದು ಬರಿಯ ಎಲೆಗಳ ಮೇಲೆ.

ಆ ಕೋಶದೊಳಗೆ ನಡೆಯುವುದನ್ನು ಎಷ್ಟು ಸಲ ಪಾಠ ಮಾಡಿದರೂ ನನಗೆ ಬೇಸರ ಬಂದದ್ದಿಲ್ಲ. ಹುಳುವಿನ ದೇಹದ ಬಹುಭಾಗ ಅಲ್ಲಿ ಕರಗುತ್ತದೆ. ಎಲೆ ಕತ್ತರಿಸುತ್ತಿದ್ದ ದವಡೆಗಳು ಇಲ್ಲವಾಗುತ್ತವೆ. ಹುಳುವಾಗಿದ್ದಾಗಲೇ ಮೈಯೊಳಗೆ ಅಡಗಿದ್ದ ಚಿಕ್ಕ ಚಿಕ್ಕ ಜೀವಕೋಶಗಳ ಗುಂಪುಗಳಿಂದ ರೆಕ್ಕೆ, ಮೀಸೆ, ಹೊಸ ಕಾಲುಗಳು ರೂಪುಗೊಳ್ಳುತ್ತವೆ. ಹೊರಗೆ ಮಾತ್ರ ಏನೂ ಕಾಣದು. ಪತಂಗದ ಕೋಶವೊಂದನ್ನು ಅಂಗೈ ಮೇಲಿಟ್ಟು ಮೆಲ್ಲನೆ ಮುಟ್ಟಿದರೆ ಬಾಲದ ತುದಿಯೊಂದು ಅತ್ತಿತ್ತ ಹೊರಳುತ್ತದೆ, ಅಷ್ಟೆ.

ಮರ ಕಡಿಸುವುದೂ ಸುಲಭವಲ್ಲ. ಉದ್ಯಾನದ ಮರ ನಮ್ಮ ಸ್ವಂತದ್ದಲ್ಲ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕಾಗುತ್ತದೆ. ಅನುಮತಿ ಸಿಗುವ ಹೊತ್ತಿಗೆ ಈ ಹುಳುಗಳು ಮರದಲ್ಲಿ ಇರುವುದಿಲ್ಲ.

ಮನೆ ಸಂಖ್ಯೆ 16, ಮೂರನೇ ಅಡ್ಡರಸ್ತೆ:
ಮೇಡಂ ಹೇಳಿದ್ದು ಸರಿ. ನಮ್ಮದು ರಾಮನಗರದ ಕಡೆಯ ರೇಷ್ಮೆ ಸಾಕುವ ಮನೆ. ಪೊರೆ ಕಳಚಲು ಹುಳು ಮೇವು ಬಿಟ್ಟು ತಲೆಯೆತ್ತಿ ಕೂರುವುದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕು ಜ್ವರ, ಐದು ಹಂತ, ಸುಮಾರು 25 ದಿನಗಳ ಸಾಕಣೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಬರುವ ಹಸಿವು ಎಂಥದೆಂದರೆ, ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲು ಈ ಕೊನೆಯ ವಾರವೊಂದಕ್ಕೇ ಹೋಗುತ್ತದೆ. ರಾತ್ರಿ ಹುಳುಮನೆಯಲ್ಲಿ ಅವು ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಜಿಟಿಜಿಟಿ ಮಳೆ ಬಿದ್ದಂತೆ ಕೇಳುತ್ತಿತ್ತು. ಮೇಯುವುದು ಮುಗಿಸಿ ಹಣ್ಣಾದ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಇಡುವ ಬಿದಿರಿನ ತಟ್ಟೆಗೆ, ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಆಮೇಲೆ ಹೊರಬರುವ ಚಿಟ್ಟೆ ಏನನ್ನೂ ತಿನ್ನುವುದಿಲ್ಲ. ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ಹಂತ ತಿಳಿಯದೆ ಮೇವು ಹಾಕಿದರೆ ಬೆಳೆ ಕೆಡುವಂತೆ, ಹಂತ ತಿಳಿಯದೆ ಔಷಧಿ ಹೊಡೆದರೆ ಹಣ ಕೆಡುತ್ತದೆ. ಬೆಳಿಗ್ಗೆ ಹೋಗಿ ನೋಡಿ ಬಂದೆ. ಹುಳುಗಳು ಇನ್ನೂ ಬೊಡ್ಡೆಯಲ್ಲೇ ಇವೆ. ಎದೆಮಟ್ಟದಲ್ಲಿ ಹಳೆಯ ಕಂಬಳಿಯ ತುಂಡೊಂದನ್ನು ಸುತ್ತಿದಂತೆ ಒಂದಕ್ಕೊಂದು ಅಂಟಿಕೊಂಡು ಕುಳಿತಿವೆ.

ಮನೆ ಸಂಖ್ಯೆ 31, ಎರಡನೇ ಅಡ್ಡರಸ್ತೆ:
ಹಾಗಾದರೆ ಅಡುಗೆಮನೆಯ ಜಿರಳೆಗೂ ಹೀಗೆಯೇ ಹಂತ ನೋಡಿ ಔಷಧಿ ಇಡಬೇಕೆ?

ಮನೆ ಸಂಖ್ಯೆ 41:
ಜಿರಳೆಗೆ ಕೋಶದ ಹಂತವೇ ಇಲ್ಲ. ಅದರ ಮರಿ ದೊಡ್ಡ ಜಿರಳೆಯಂತೆಯೇ ಇದ್ದು, ಕೊನೆಯ ಪೊರೆ ಕಳಚಿದಾಗ ಪೂರ್ಣ ರೆಕ್ಕೆ ಪಡೆಯುತ್ತದೆ. ಮರಿಯೂ ತಾಯಿಯೂ ಒಂದೇ ಕಡೆ ಇದ್ದು ಒಂದೇ ಆಹಾರ ತಿನ್ನುವುದರಿಂದ ಅಲ್ಲಿ ಸ್ವಚ್ಛತೆಯೇ ಮುಖ್ಯ. ಕಂಬಳಿಹುಳು ಎಲೆಯಲ್ಲಿ, ಬೊಡ್ಡೆಯಲ್ಲಿ, ಮಣ್ಣಿನಲ್ಲಿ, ಗಾಳಿಯಲ್ಲಿ ಬೇರೆ ಬೇರೆ ಬದುಕು ನಡೆಸುವುದರಿಂದ ಅದನ್ನು ಎಲ್ಲಿ ಹಿಡಿಯಬಹುದೆಂದು ನಾವು ಆರಿಸಿಕೊಳ್ಳಬಹುದು. ಈಗ ಅವು ರಾತ್ರಿ ಮೇಯಲು ಏರಿ ಹಗಲು ಬೊಡ್ಡೆಯಲ್ಲಿ ಗುಂಪಾಗಿ ಕೂರುವ ಕಾಲ. ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು. ಬೆಳಿಗ್ಗೆ ಉದ್ದ ಹಿಡಿಯ ಪೊರಕೆಯಿಂದ ಅವನ್ನು ಸಾಬೂನು ನೀರಿನ ಬಕೆಟ್ಟಿಗೆ ಕೆಡವಿದರೆ ಸಾಕು. ಪಂಜು ಹಿಡಿದು ಸುಡುವುದು ಬೇಡ. ತೊಗಟೆ ಬೇಯುತ್ತದೆ, ಮೇಲೆ ವಿದ್ಯುತ್ ತಂತಿಯಿದೆ. ತಪ್ಪಿಸಿಕೊಂಡು ಮಣ್ಣಿಗಿಳಿದವುಗಳಿಗಾಗಿ ಎರಡು ವಾರ ಬಿಟ್ಟು ಬುಡದ ಮಣ್ಣನ್ನು ಮೇಲುಮೇಲೆ ಕೆದಕಿ ಸಡಿಲಗೊಳಿಸಿದರೆ, ಬಯಲಿಗೆ ಬಂದ ಕೋಶಗಳನ್ನು ಮೈನಾಗಳು ಹೆಕ್ಕಿ ತಿನ್ನುತ್ತವೆ. ಮುಂದಿನ ವರ್ಷ ಮೊದಲ ಮಳೆಗಳ ನಂತರ ದೀಪದ ಕೆಳಗೆ ನೀರಿನ ತೊಟ್ಟಿಯಿಟ್ಟು ಪತಂಗಗಳನ್ನು ಹಿಡಿಯೋಣ, ಮೊಟ್ಟೆಯ ಗುಂಪುಗಳಿರುವ ಕುಡಿಗಳನ್ನು ಕತ್ತರಿಸೋಣ. ರಾಸಾಯನಿಕ ಸಿಂಪಡಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಆ ಮರಗಳ ಸೊಪ್ಪನ್ನೂ ಕಾಯಿಯನ್ನೂ ನಮ್ಮಲ್ಲಿ ಅನೇಕರು ಸಾರಿಗೆ ಒಯ್ಯುತ್ತೇವೆ; ಅಲ್ಲದೆ ಮಳೆಗಾಲದಲ್ಲಿ ಇಲ್ಲಿಗೆ ಬರುವ ಚಾತಕ ಪಕ್ಷಿಗೆ ಕಂಬಳಿಹುಳು ಬಹಳ ಇಷ್ಟದ ಆಹಾರ.

ಸಂಘದ ಕಾರ್ಯದರ್ಶಿ:
ಚರ್ಚೆಗೆ ಧನ್ಯವಾದಗಳು. ಮರ ಕಡಿಸುವ ಅರ್ಜಿಯನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ. ಭಾನುವಾರ ಬೆಳಿಗ್ಗೆ 6.30ಕ್ಕೆ ಉದ್ಯಾನದ ಗೇಟಿನ ಬಳಿ ಸೇರೋಣ. ಪೂರ್ಣ ತೋಳಿನ ಅಂಗಿ, ರಬ್ಬರ್ ಕೈಗವಸು, ಕನ್ನಡಕ ಕಡ್ಡಾಯ, ಮಕ್ಕಳನ್ನು ಕರೆತರಬಾರದು. ಮನೆ ಸಂಖ್ಯೆ 16ರವರು ಮುಂದಾಳತ್ವ ವಹಿಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ಬೇಲಿಗೆ ಎಚ್ಚರಿಕೆಯ ಫಲಕ ಕಟ್ಟಿಸುತ್ತೇನೆ.

ಮನೆ ಸಂಖ್ಯೆ 23:
ಅಂಟುಪಟ್ಟಿಯಿಂದ ಉರಿ ಸ್ವಲ್ಪ ಕಡಿಮೆಯಾಗಿದೆ ಮೇಡಂ, ಮಗು ಈಗ ಮಲಗಿದ್ದಾನೆ. ಭಾನುವಾರಕ್ಕೆ ಎರಡು ಬಕೆಟ್ ಮತ್ತು ಸಾಬೂನಿನ ಪುಡಿ ನಾನು ತರುತ್ತೇನೆ. ಎರಡು ವಾರದ ನಂತರ ಮಣ್ಣು ಕೆದಕುವ ದಿನವನ್ನೂ ಈಗಲೇ ಗೊತ್ತುಮಾಡಿ ಫಲಕದಲ್ಲಿ ಬರೆಸಿ. ಹೋದ ಸಲದಂತೆ ತಡವಾಗುವುದು ಬೇಡ.