ಉಬ್ಬುತಗ್ಗಿನ ಮಾವಿನ ತೋಟಕ್ಕೆ ಸ್ಕಿಡ್ ಲೋಡರ್ ಮುಂದೆ ಹುಲ್ಲು ಕತ್ತರಿಸುವ ಡೆಕ್: ತಿಳಿದವರು ಹೇಳಿ

ಪ್ರಶ್ನೆ

ರಾಮನಗರದ ಕಡೆ 12 ಎಕರೆ ಮಾವು, ಸಾಲಿಂದ ಸಾಲಿಗೆ 30 ಅಡಿ. ನೆಲ ಎಲ್ಲೂ ಸಮ ಇಲ್ಲ. ಬದು, ಹುತ್ತ, ಮುಚ್ಚದ ಹಳೆ ಗುಂಡಿ, ಅಲ್ಲಲ್ಲಿ ತಲೆ ಎತ್ತಿರುವ ಬಂಡೆ. ಮಳೆಗಾಲ ಮುಗಿಯುವ ಹೊತ್ತಿಗೆ ಎದೆಮಟ್ಟದ ಹುಲ್ಲು, ಕಾಂಗ್ರೆಸ್ ಗಿಡ, ಅಂಚಿನಲ್ಲಿ ಲಂಟಾನ. ಕೋಳಿ ಫಾರಂ ಕೆಲಸಕ್ಕೆ ಇಟ್ಟಿರುವ ಚಕ್ರದ ಸ್ಕಿಡ್ ಲೋಡರ್ (ಮುಂದೆ ತೋಳು, ಬಕೆಟ್ ಇರುವ, ನಿಂತಲ್ಲೇ ತಿರುಗುವ ಸಣ್ಣ ಗಾಡಿ) ಇದೆ: 50 ಎಚ್‌ಪಿ, ಹೆಚ್ಚುವರಿ ಹೈಡ್ರಾಲಿಕ್ ನಿಮಿಷಕ್ಕೆ 65 ಲೀಟರ್, 200 ಬಾರ್ ಅಂತ ಪುಸ್ತಕದಲ್ಲಿದೆ. 5 ಅಡಿಯ ಹಳೆ ರೋಟರಿ ಡೆಕ್ ಒಂದು ಮಾರಾಟಕ್ಕಿದೆ. ಅದನ್ನೇ ಕೂರಿಸಬಹುದಾ? ಅಥವಾ ಮುಂದೆ ಲೋಡರ್ ಇರುವ ನಮ್ಮ 45 ಎಚ್‌ಪಿ ಟ್ರ್ಯಾಕ್ಟರೇ ಸಾಕಾ? ಡೆಕ್ ನೆಲದ ಏರಿಳಿತಕ್ಕೆ ಹೊಂದಿಕೊಂಡು ಓಡಬೇಕಾದರೆ ಏನೇನು ಮಾಡಬೇಕು?

ಹೈಡ್ರಾಲಿಕ್ ರಿಪೇರಿಯವರು, ಪೀಣ್ಯ

ಸರ್, ಮೊದಲು ಲೆಕ್ಕ ನೋಡೋಣ. ಬಾರ್ ಅನ್ನು ಲೀಟರ್‌ನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ನಿಮ್ಮದು 200 × 65 ÷ 600, ಅಂದರೆ ಸುಮಾರು 21.7. ಮೋಟರ್, ಹೋಸು, ಕಪ್ಲರ್‌ಗಳಲ್ಲಿ ಸೋರುವುದನ್ನು ಕಳೆದರೆ ಬ್ಲೇಡಿಗೆ ಮುಟ್ಟುವುದು 17 ಕಿಲೋವ್ಯಾಟ್, ಹತ್ತಿರತ್ತಿರ 23 ಎಚ್‌ಪಿ. ಬರೀ ಹುಲ್ಲಿಗಾದರೆ 5 ಅಡಿ ಎಳೆಯುತ್ತದೆ. ಲಂಟಾನದ ಬುಡವೂ ಸಿಗುವ ಜಾಗದಲ್ಲಿ 4 ಅಡಿಯೇ ಸರಿ.

ಪುಸ್ತಕದಲ್ಲಿರುವ ಅಂಕಿ ಹೊಸ ಪಂಪಿನದು. ಫ್ಲೋ ಮೀಟರ್ ಕಟ್ಟಿಸಿ, ಎಂಜಿನ್ ಪೂರ್ತಿ ವೇಗದಲ್ಲಿದ್ದಾಗ ಲೋಡ್ ಇಲ್ಲದೆ ಒಮ್ಮೆ, 170 ಬಾರ್ ಲೋಡ್ ಕೊಟ್ಟು ಇನ್ನೊಮ್ಮೆ ಅಳೆಸಿ. ಎರಡರ ನಡುವೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿದರೆ ಪಂಪು ಸವೆದಿದೆ, ಡೆಕ್ ಕೊಳ್ಳುವ ಮುಂಚೆ ಅದನ್ನು ನೋಡಿ.

ಹಳೆ ಡೆಕ್‌ನಲ್ಲಿ ಎಲ್ಲರ ಕಣ್ಣು ತಪ್ಪುವ ವಿಷಯ ಮೋಟರಿನ ಸಿಸಿ, ಅಂದರೆ ಒಂದು ಸುತ್ತಿಗೆ ಅದು ನುಂಗುವ ಎಣ್ಣೆ. 4 ಅಡಿ ಡೆಕ್‌ಗೆ 50 ಸಿಸಿ ಮೋಟರ್ ನೇರ ಜೋಡಣೆ ಇದ್ದರೆ 65 ಲೀಟರಿಗೆ ಸುಮಾರು 1235 ಆರ್‌ಪಿಎಂ ಬರುತ್ತದೆ. ಬ್ಲೇಡಿನ ತುದಿ ಸೆಕೆಂಡಿಗೆ 77 ಮೀಟರ್ ಓಡುತ್ತದೆ, ಅದು ಚೆನ್ನಾಗಿ ಕತ್ತರಿಸುವ ವೇಗ. ಅದೇ ಡೆಕ್‌ಗೆ ಯಾರೋ 32 ಸಿಸಿ ಮೋಟರ್ ಹಾಕಿಟ್ಟಿದ್ದರೆ 1900 ದಾಟುತ್ತದೆ, ತುದಿಯ ವೇಗ 120 ಮೀಟರ್. ಬ್ಲೇಡು, ಬೋಲ್ಟು, ಬೇರಿಂಗ್ ಯಾವುದೂ ಅದಕ್ಕೆ ಮಾಡಿದ್ದಲ್ಲ. ಮೋಟರಿನ ನಾಮಫಲಕ ಅಳಿಸಿಹೋಗಿದ್ದರೆ ಬಿಚ್ಚಿಸಿ ಅಳೆಸಿ, ಅಂದಾಜಿನ ಮೇಲೆ ಓಡಿಸಬೇಡಿ.

ಪೈಪಿನ ವಿಷಯ. 65 ಲೀಟರನ್ನು ಅರ್ಧ ಇಂಚಿನ ಹೋಸಿನಲ್ಲಿ ತಳ್ಳಿದರೆ ಎಣ್ಣೆ ಸೆಕೆಂಡಿಗೆ 8 ಮೀಟರಿಗಿಂತ ವೇಗವಾಗಿ ಓಡಿ ಅಲ್ಲೇ ಕಾಯುತ್ತದೆ. ಮುಕ್ಕಾಲು ಇಂಚು ಹಾಕಿದರೆ 4 ಮೀಟರಿನ ಒಳಗೆ ಇಳಿಯುತ್ತದೆ. ಪ್ರೆಶರ್ ಲೈನಿಗೆ ಎರಡು ತಂತಿ ಹೆಣಿಗೆಯ ಮುಕ್ಕಾಲು ಇಂಚು, ರಿಟರ್ನಿಗೂ ಅಷ್ಟೇ ಅಥವಾ ಒಂದಿಂಚು.

ಮೂರನೆಯ ಸಣ್ಣ ಪೈಪೇ ಕೇಸ್ ಡ್ರೈನ್, ಮೋಟರಿನೊಳಗೆ ಜಿನುಗುವ ಎಣ್ಣೆಯನ್ನು ಹೊರಗೊಯ್ಯುವುದು. ಪಿಸ್ಟನ್ ಮೋಟರಿಗೆ ಇದು ಬೇಕೇ ಬೇಕು, ಹೊರ ಡ್ರೈನ್ ಇರುವ ಗೇರ್ ಮೋಟರಿಗೂ ಬೇಕು. ಇದನ್ನು ರಿಟರ್ನ್ ಲೈನಿಗೆ ಟೀ ಹಾಕಿ ಸೇರಿಸಬೇಡಿ. ರಿಟರ್ನಿನಲ್ಲಿ ಒತ್ತಡ ಏರಿದಾಗಲೆಲ್ಲ ಮೋಟರಿನ ಶಾಫ್ಟ್ ಸೀಲ್ ಹೊರಕ್ಕೆ ತಳ್ಳಿಕೊಂಡು ಬರುತ್ತದೆ. ಸೀಲು ಬದಲಿಸಿದರೂ ಮತ್ತೆ ಹೋಗುತ್ತದೆ, ಜನ ಸೀಲಿನ ಗುಣಮಟ್ಟವನ್ನೇ ಬೈಯುತ್ತಿರುತ್ತಾರೆ. ನೇರ ಟ್ಯಾಂಕಿಗೇ ಹೋಗಲಿ. ಜೋಡಿಸುವಾಗ ಕೇಸ್ ಡ್ರೈನ್ ಮೊದಲು, ಬಿಚ್ಚುವಾಗ ಕೊನೆಗೆ.

ಫ್ಯಾಬ್ರಿಕೇಶನ್ ವರ್ಕ್‌ಶಾಪಿನವರು

ಎಣ್ಣೆಯ ಲೆಕ್ಕ ಮೇಲಿನವರು ಹೇಳಿದ್ದು ಸರಿ. ಆದರೆ ಇಂಥ ನೆಲದಲ್ಲಿ ಡೆಕ್ ಕೆಡುವುದು ಎಚ್‌ಪಿ ಸಾಲದೆ ಅಲ್ಲ, ಅದನ್ನು ಬಿಗಿಯಾಗಿ ಕಟ್ಟಿಹಾಕಿರುವುದರಿಂದ. ಸ್ಕಿಡ್ ಲೋಡರಿನ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ತುಂಬ ಕಡಿಮೆ. ಹಿಂದಿನ ಚಕ್ರ 4 ಇಂಚು ತಗ್ಗಿಗಿಳಿದರೆ, ಅಷ್ಟು ಮುಂದಿರುವ ಡೆಕ್‌ನ ಮೂತಿ ಅದಕ್ಕಿಂತ ಹೆಚ್ಚು ಮೇಲೇಳುತ್ತದೆ. ಮುಂದಿನ ಚಕ್ರ ಇಳಿದರೆ ಮೂತಿ ಮಣ್ಣಿಗೆ ಕಚ್ಚುತ್ತದೆ.

ಫ್ಲೋಟ್ (ತೋಳನ್ನು ಎಣ್ಣೆ ಹಿಡಿಯದೆ ಸಡಿಲ ಬಿಡುವ ಲಿವರ್ ಸ್ಥಾನ) ಹಾಕಿದರೆ ಸಾಕು ಅಂತ ಹಲವರು ಅಂದುಕೊಂಡಿರುತ್ತಾರೆ. ಫ್ಲೋಟ್‌ನಲ್ಲಿ ತೋಳು ಮೇಲೆ ಕೆಳಗೆ ಆಡುತ್ತದೆ ನಿಜ, ಆದರೆ ಟಿಲ್ಟ್ ಸಿಲಿಂಡರ್ ಡೆಕ್‌ನ ಕೋನವನ್ನು ಹಿಡಿದೇ ಇರುತ್ತದೆ. ಗಾಡಿ ಓಲಿದ ಹಾಗೆ ಡೆಕ್ ಓಲುತ್ತದೆ. ಅದಕ್ಕೆ ಕ್ವಿಕ್ ಅಟ್ಯಾಚ್ ಪ್ಲೇಟಿಗೂ (ತೋಳಿಗೆ ಉಪಕರಣ ಸಿಕ್ಕಿಸುವ ಪ್ಲೇಟು) ಡೆಕ್‌ಗೂ ನಡುವೆ ಒಂದು ಆಡುವ ಫ್ರೇಮ್ ಮಾಡಿಸಿ. ಅಡ್ಡಕ್ಕೆ ಒಂದು ಪಿನ್, ಡೆಕ್ ಮೂತಿ ಮೇಲೆ ಕೆಳಗೆ 10 ಡಿಗ್ರಿ ಆಡಲಿಕ್ಕೆ. ಉದ್ದಕ್ಕೆ ಇನ್ನೊಂದು ಪಿನ್, ಎಡಬಲ 8 ಡಿಗ್ರಿ ಓಲಲಿಕ್ಕೆ. ಎರಡಕ್ಕೂ ಗಟ್ಟಿ ಸ್ಟಾಪರ್ ಬೇಕು. ಇಲ್ಲದಿದ್ದರೆ ಡೆಕ್ ಎತ್ತಿದಾಗ ಮೂತಿ ಜೋತುಬಿದ್ದು ಹೋಸು ಎಳೆಯುತ್ತದೆ. ಮೂತಿ ಕಡೆಯಿಂದ ಫ್ರೇಮಿಗೆ ಎರಡು ಸರಪಳಿ ಕಟ್ಟಿ: ಎತ್ತಿದಾಗ ಬಿಗಿಯಾಗಬೇಕು, ನೆಲದ ಮೇಲಿದ್ದಾಗ ಸಡಿಲ ಇರಬೇಕು.

ಪಿನ್ 40 ಮಿ.ಮೀ., ಇಎನ್ 8 ಉಕ್ಕು ಸಾಕು. ಬುಶ್ ಹಾಕಿ ಗ್ರೀಸ್ ನಿಪ್ಪಲ್ ಕೊಡಿ. ಫ್ರೇಮ್ ಪ್ಲೇಟ್ 12 ಮಿ.ಮೀ. ಕ್ವಿಕ್ ಅಟ್ಯಾಚ್ ಪ್ಲೇಟಿಗೆ ಐಎಸ್‌ಒ 24410 ಅಳತೆ ಇದೆ. ಹಳೆ ಬಕೆಟ್ ನೋಡಿ ಕಣ್ಣಳತೆಯಲ್ಲಿ ಕತ್ತರಿಸಿದರೆ ಕೆಳಗಿನ ಲಾಕ್ ಪಿನ್ ಅರ್ಧವೇ ಕೂರುತ್ತದೆ, ಬದು ದಾಟುವಾಗ ಡೆಕ್ ಕಳಚಿ ಬೀಳುತ್ತದೆ. ರೆಡಿಮೇಡ್ ಪ್ಲೇಟ್ ತಂದು ಬೆಸುಗೆ ಹಾಕುವುದೇ ವಾಸಿ. ಗಾಡಿಯ ಮೇಲೆಯೇ ವೆಲ್ಡಿಂಗ್ ಮಾಡುವುದಾದರೆ ಬ್ಯಾಟರಿ ಬಿಚ್ಚಿ, ಕಂಟ್ರೋಲರಿನ ಸಾಕೆಟ್ ಕಳಚಿ, ಅರ್ತ್ ಕ್ಲ್ಯಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಿಡಿಸಿ.

ಫ್ಲೋಟ್‌ನಲ್ಲಿ ತೋಳಿನ ಭಾರವೂ ಡೆಕ್‌ನ ಮೇಲೆಯೇ ಕೂರುತ್ತದೆ. ಡೆಕ್‌ನ ಅಡಿಯ ಸ್ಕಿಡ್ (ನೆಲದ ಮೇಲೆ ಜಾರುವ ಪಟ್ಟಿ) ಒಂದಿಂಚಿನದಾದರೆ ಹಸಿ ಮಣ್ಣಿನಲ್ಲಿ ನೇಗಿಲಿನ ಹಾಗೆ ಗೆರೆ ಎಳೆಯುತ್ತದೆ. ಸ್ಕಿಡ್ 100ರಿಂದ 120 ಮಿ.ಮೀ. ಅಗಲ ಇರಲಿ, ಮುಂದಿನ ತುದಿ ಮೇಲಕ್ಕೆ ಬಾಗಿರಲಿ, ಬೋಲ್ಟು ಹಾಕಿ ಬದಲಿಸುವಂತಿರಲಿ. ಹಿಂದೆ ಪೂರ್ತಿ ಅಗಲಕ್ಕೆ ರೋಲರ್ ಇಟ್ಟರೆ ಹುತ್ತದ ಮೇಲೂ ಬೋಳಾಗದೆ ಸರಾಗ ಹತ್ತಿಳಿಯುತ್ತದೆ.

ಗೇರ್ ಮೋಟರಿನ ಶಾಫ್ಟಿಗೆ ನೇರ ಬ್ಲೇಡ್ ಕ್ಯಾರಿಯರ್ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಆ ಶಾಫ್ಟ್ ತಿರುಗಿಸಲಿಕ್ಕೆ ಮಾಡಿದ್ದು, ಪಕ್ಕದ ಹೊಡೆತ ತಾಳಲಿಕ್ಕಲ್ಲ. ಟೇಪರ್ ರೋಲರ್ ಬೇರಿಂಗ್ ಇರುವ ಬೇರೆ ಸ್ಪಿಂಡಲ್, ನಡುವೆ ಕಪ್ಲಿಂಗ್. ಕೆಳಗೆ ತಟ್ಟೆಯಾಕಾರದ ಡಿಸ್ಕು, ಅದರ ಅಂಚಿಗೆ ಎರಡು ತೂಗಾಡುವ ಬ್ಲೇಡು. ಬಂಡೆ ತಾಗಿದರೆ ಬ್ಲೇಡು ಹಿಂದಕ್ಕೆ ಮಡಚುತ್ತದೆ, ಡಿಸ್ಕು ಮೇಲೆ ಜಾರುತ್ತದೆ.

ಲಾರಿಯ ಕಮಾನ್ ಪಟ್ಟಿಯಿಂದ ಬ್ಲೇಡು ಮಾಡುವುದು ನಮ್ಮ ಕಡೆ ರೂಢಿ. ಪಟ್ಟಿ ಒಳ್ಳೆಯದೇ, ಆದರೆ ಗ್ಯಾಸ್ ಕಟರ್‌ನಲ್ಲಿ ತೂತು ಮಾಡಿದರೆ ಅಥವಾ ಮುರಿದದ್ದಕ್ಕೆ ಬೆಸುಗೆ ಹಾಕಿದರೆ ಆ ಜಾಗ ಗಾಜಿನ ಹಾಗೆ ಸಿಡಿಯುತ್ತದೆ. ಡ್ರಿಲ್ ಮಾಡಿಸಿ. ಎರಡನ್ನೂ ತಕ್ಕಡಿಗೆ ಹಾಕಿ, 20 ಗ್ರಾಂ ಒಳಗೆ ಸಮ ಮಾಡಿ, ಬದಲಿಸುವಾಗ ಜೊತೆಯಾಗಿಯೇ ಬದಲಿಸಿ. 1235 ಆರ್‌ಪಿಎಂನಲ್ಲಿ 100 ಗ್ರಾಂ ವ್ಯತ್ಯಾಸ ಸ್ಪಿಂಡಲನ್ನು ಸುಮಾರು 75 ಕೆ.ಜಿ. ಬಲದಿಂದ ಒದರುತ್ತದೆ.

ಟ್ರ್ಯಾಕ್ಟರ್ ಇರುವ ತೋಟದವರು, ತುಮಕೂರು ಕಡೆ

ಟ್ರ್ಯಾಕ್ಟರಿನ ಮುಂದಿನ ಲೋಡರಿಗೆ ಹೈಡ್ರಾಲಿಕ್ ಡೆಕ್ ಹಾಕುವ ಆಸೆ ಬಿಡಿ. ಆ ದರ್ಜೆಯ ಟ್ರ್ಯಾಕ್ಟರಿನ ಪಂಪು ಸಾಮಾನ್ಯವಾಗಿ 25ರಿಂದ 40 ಲೀಟರ್ ಕೊಡುತ್ತದೆ, ಅದೂ ಎತ್ತಿ ಇಳಿಸುವ ಕೆಲಸಕ್ಕೆ. ಗಂಟೆಗಟ್ಟಲೆ ಮೋಟರ್ ಓಡಿಸಿದರೆ ಗೇರ್ ಬಾಕ್ಸಿನ ಎಣ್ಣೆಯೇ ಕುದಿಯುತ್ತದೆ. ಮಾಡಲೇಬೇಕೆಂದರೆ ಪಿಟಿಒಗೆ (ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟು) 1:3 ಗೇರು, 45 ಸಿಸಿ ಪಂಪು ಹಾಕಿ. ಪಿಟಿಒ 540 ಆರ್‌ಪಿಎಂನಲ್ಲಿ ಓಡಿದಾಗ 73 ಲೀಟರ್ ಬರುತ್ತದೆ. ಜೊತೆಗೆ 80–100 ಲೀಟರಿನ ಬೇರೆ ಟ್ಯಾಂಕು, ಫಿಲ್ಟರ್, ಫ್ಯಾನ್ ಇರುವ ಕೂಲರ್ ಬೇಕು. ಇಷ್ಟು ಖರ್ಚಿಗೆ ಹಿಂದೆ ಕಟ್ಟುವ 5 ಅಡಿ ಪಿಟಿಒ ಸ್ಲ್ಯಾಶರೇ ಬಂದುಬಿಡುತ್ತದೆ. ಅದಕ್ಕೆ ಟಾಪ್ ಲಿಂಕ್ ಬದಲು ಸರಪಳಿ ಹಾಕಿದರೆ, ಹಿಂದೆ ಒಂದು ಗೇಜ್ ಚಕ್ರ ಇದ್ದರೆ, ಉಬ್ಬುತಗ್ಗಿಗೆ ತಾನೇ ಹೊಂದಿಕೊಳ್ಳುತ್ತದೆ. 30 ಅಡಿ ಸಾಲಿನ ನಡುಭಾಗಕ್ಕೆ ನನ್ನ ಓಟು ಇದಕ್ಕೇ. ಸ್ಕಿಡ್ ಲೋಡರನ್ನು ಟ್ರ್ಯಾಕ್ಟರ್ ತುಳಿಯಲಾಗದ ಅಂಚು, ಲಂಟಾನ ಇರುವ ಕಡೆ ಇಟ್ಟುಕೊಳ್ಳಿ.

ಕೇಳಿದವರು

ಧನ್ಯವಾದ. ಡೆಕ್ ನೋಡಿ ಬಂದೆ. ಮೋಟರಿನ ಮೇಲೆ ಯಾವ ಕವಾಟವೂ ಇಲ್ಲ, ನೇರ ಎರಡು ಹೋಸು ಮಾತ್ರ. ತೂಕ 450 ಕೆ.ಜಿ. ಅಂದರು. ರೋಟರಿ ಬಿಟ್ಟು ಫ್ಲೇಲ್ (ಅಡ್ಡ ರೋಟರಿಗೆ ಸಣ್ಣ ಸುತ್ತಿಗೆಗಳು ತೂಗಾಡುವ ಡೆಕ್) ತೆಗೆದುಕೊಳ್ಳಿ ಅಂತಲೂ ಒಬ್ಬರು ಹೇಳಿದರು.

ಹೈಡ್ರಾಲಿಕ್ ರಿಪೇರಿಯವರು, ಪೀಣ್ಯ

ಕವಾಟ ಇಲ್ಲದಿದ್ದರೆ ಹಾಗೇ ಓಡಿಸಬೇಡಿ. ಬ್ಲೇಡು ಪೂರ್ತಿ ವೇಗದಲ್ಲಿರುವಾಗ ಸ್ವಿಚ್ ಆಫ್ ಮಾಡಿದರೆ ಎಣ್ಣೆಯ ದಾರಿ ಮುಚ್ಚುತ್ತದೆ, ಬ್ಲೇಡಿನ ಜಡತ್ವ ಮಾತ್ರ ಮೋಟರನ್ನು ಪಂಪಿನ ಹಾಗೆ ತಿರುಗಿಸುತ್ತಲೇ ಇರುತ್ತದೆ. ಒಂದು ಬದಿ ಒತ್ತಡ ಸಿಡಿಯುತ್ತದೆ, ಇನ್ನೊಂದು ಬದಿ ಎಣ್ಣೆ ಇಲ್ಲದೆ ಒಣಗುತ್ತದೆ. ಶಾಫ್ಟು ತುಂಡಾಗುವುದು, ಕಪ್ಲಿಂಗಿನ ಕೀ ಕತ್ತರಿಸುವುದು ಆಗಲೇ. ಮೋಟರಿನ ಎರಡು ಪೋರ್ಟುಗಳ ನಡುವೆ, ಹೆಚ್ಚಾದ ಒತ್ತಡ ಬಿಡುವ ರಿಲೀಫ್ ವಾಲ್ವ್ ಮತ್ತು ಒಣಗುವ ಬದಿಗೆ ಎಣ್ಣೆ ಕೊಡುವ ಆ್ಯಂಟಿ ಕ್ಯಾವಿಟೇಶನ್ ಚೆಕ್ ವಾಲ್ವ್ ಇರುವ ಬ್ಲಾಕ್ ಕೂರಿಸಿ, ಬ್ಲೇಡು ನಿಧಾನವಾಗಿ ತಾನೇ ನಿಲ್ಲುತ್ತದೆ.

ಬ್ಲೇಡು ಸಿಕ್ಕಿಕೊಂಡು ನಿಂತಾಗ ಲಿವರ್ ಹಿಡಿದೇ ಇರಬೇಡಿ. ಆ 21 ಕಿಲೋವ್ಯಾಟ್ ಅಷ್ಟೂ ರಿಲೀಫ್ ವಾಲ್ವಿನಲ್ಲಿ ಬಿಸಿಯಾಗಿ ಹೋಗುತ್ತದೆ. ಸಿಸ್ಟಮ್‌ನಲ್ಲಿ 50 ಲೀಟರ್ ಎಣ್ಣೆ ಇದ್ದರೆ ನಿಮಿಷಕ್ಕೆ 15 ಡಿಗ್ರಿ ಏರುತ್ತದೆ. 85 ಡಿಗ್ರಿ ದಾಟಿತೆಂದರೆ ಓರಿಂಗ್‌ಗಳ ಆಯಸ್ಸು ಕಡಿಮೆಯಾಗುತ್ತಾ ಬರುತ್ತದೆ. ಶುರು ಮಾಡುವಾಗ ಎಂಜಿನ್ ಕಡಿಮೆ ವೇಗದಲ್ಲಿಟ್ಟು ಬ್ಲೇಡು ತಿರುಗಿಸಿ, ಆಮೇಲೆ ಏರಿಸಿ. ಸೋರಿಕೆ ಹುಡುಕಲು ಕೈ ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ. 200 ಬಾರಿನ ಸೂಜಿಯಷ್ಟು ಧಾರೆ ಚರ್ಮದೊಳಗೆ ಹೊಕ್ಕರೆ ನೋವು ತಡವಾಗಿ ಗೊತ್ತಾಗುತ್ತದೆ. ಕೂಡಲೇ ಆಸ್ಪತ್ರೆಗೆ ಹೋಗದಿದ್ದರೆ ಬೆರಳೇ ಹೋಗಬಹುದು.

ಸ್ಕಿಡ್ ಲೋಡರ್ ಆಪರೇಟರ್

450 ಕೆ.ಜಿ. ಅಂದರೆ ಗಾಡಿಯ ರೇಟೆಡ್ ಕೆಪಾಸಿಟಿ ನೋಡಿ. ಚಕ್ರದ ಗಾಡಿಗೆ ಅದು ಮಗುಚುವ ಭಾರದ ಅರ್ಧ. ಡೆಕ್‌ನ ಭಾರ ಬಕೆಟ್‌ಗಿಂತ ಮುಂದೆ ಕೂರುತ್ತದೆ, ಆಡುವ ಫ್ರೇಮ್ ಹಾಕಿದರೆ ಇನ್ನೂ ಮುಂದೆ. ಹಾಗಾಗಿ ಅಂಚಿನ ಲೆಕ್ಕಕ್ಕೆ ಹೋಗಬೇಡಿ.

ಇಳಿಜಾರಿನಲ್ಲಿ ಭಾರದ ತುದಿ ಮೇಲ್ಗಡೆ ಇರಬೇಕು. ಡೆಕ್ ಫ್ಲೋಟ್‌ನಲ್ಲಿ ನೆಲದ ಮೇಲಿದ್ದಾಗ ಗಾಡಿಯ ಹಿಂಭಾಗವೇ ಭಾರ. ಅದಕ್ಕೆ ದಿಣ್ಣೆಯಲ್ಲಿ ಮುಖ ಕೆಳಗೆ ಮಾಡಿ ಕತ್ತರಿಸುತ್ತಾ ಇಳಿಯಿರಿ, ಬ್ಲೇಡು ನಿಲ್ಲಿಸಿ ಹಿಂದಕ್ಕೆ ಏರಿ. ಏರುವಾಗ ಡೆಕ್ ಒಂದು ಗೇಣಿಗಿಂತ ಮೇಲೆ ಬೇಡ. ಇಳಿಜಾರಿಗೆ ಅಡ್ಡ ಓಡಿಸುವುದು, ಮಧ್ಯದಲ್ಲಿ ನಿಂತಲ್ಲೇ ತಿರುಗುವುದು ಬೇಡವೇ ಬೇಡ.

ಮುಂಚೆ ತೋಟ ನಡೆದು ನೋಡಿ ಬಂಡೆ, ಹುತ್ತಕ್ಕೆ ಸುಣ್ಣ ಹಾಕಿ. ಡ್ರಿಪ್ ಲ್ಯಾಟರಲ್ ಸುತ್ತಿಡಿ. ತಂತಿಯ ತುಂಡು ಸ್ಪಿಂಡಲಿಗೆ ಸುತ್ತಿಕೊಂಡು ಕೆಳಗಿನ ಸೀಲು ಕೊಯ್ದುಬಿಡುತ್ತದೆ. ಮೊದಲ ಸುತ್ತು 6 ಇಂಚು ಎತ್ತರದಲ್ಲಿ, ಅಡಗಿದ ಕಲ್ಲು ಕಂಡ ಮೇಲೆ ಎರಡನೆಯದು 3–4 ಇಂಚಿಗೆ. ಡೆಕ್ ಎತ್ತಿ ಪೊದೆಯ ಮೇಲೆ ಇಳಿಸುವ ಕ್ಷಣದಲ್ಲೇ ಕಲ್ಲು ಹೆಚ್ಚು ಸಿಡಿಯುವುದು. ಮುಂದೆ ಸರಪಳಿ ಪರದೆ, ಬಾಗಿಲಿಗೆ 12 ಮಿ.ಮೀ. ಪಾಲಿಕಾರ್ಬೊನೇಟ್, 100 ಮೀಟರ್ ಸುತ್ತ ಜನ ದನ ಇರಬಾರದು. ಬಾಗಿಲಿಗೆ ಬರೀ ಜಾಲರಿ ಸಾಲದು.

ಫ್ಲೇಲ್ ಬಗ್ಗೆ: ಕಲ್ಲು ಕಡಿಮೆ ಸಿಡಿಸುತ್ತದೆ, ಹುಲ್ಲು ಪುಡಿಯಾಗಿ ಬೀಳುತ್ತದೆ, ಕೋಳಿ ಶೆಡ್ಡಿನ ಸುತ್ತ ಅದೇ ಒಳ್ಳೆಯದು. ಆದರೆ ನಿಮ್ಮಂಥ ಬಂಡೆ ನೆಲದಲ್ಲಿ ಸುತ್ತಿಗೆಗಳು ಬೇಗ ಸವೆಯುತ್ತವೆ. ಒಂದು ಕಿತ್ತುಹೋದರೂ ರೋಟರ್ ನಡುಗುತ್ತದೆ, ಹೆಬ್ಬೆರಳು ದಪ್ಪಕ್ಕಿಂತ ಹೆಚ್ಚಿನ ಲಂಟಾನ ಆ ಸಣ್ಣ ಶಕ್ತಿಗೆ ಜಗ್ಗುವುದಿಲ್ಲ.

ರೇಡಿಯೇಟರ್ ಜಾಲರಿಯನ್ನು ಗಂಟೆಗೊಮ್ಮೆ ಗಾಳಿ ಹೊಡೆದು ಬಿಡಿಸಿ. ಸೈಲೆನ್ಸರ್ ಪಕ್ಕ ಸೇರುವ ಒಣ ಹುಲ್ಲು ಹೊತ್ತಿಕೊಳ್ಳುತ್ತದೆ, ಬೆಂಕಿ ನಂದಿಸುವ ಸಿಲಿಂಡರ್ ಕ್ಯಾಬಿನ್‌ನಲ್ಲೇ ಇರಲಿ.

ಮಾವು ಬೆಳೆಗಾರರು, ಶ್ರೀನಿವಾಸಪುರ

ಮರದ ನೆರಳಿನೊಳಗೆ ಗಾಡಿ ಬಿಡಬೇಡಿ. ಅನ್ನ ಹೀರುವ ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ, ಸ್ಕಿಡ್ ಲೋಡರ್ ತಿರುಗಿದರೆ ಚಕ್ರ ಅದನ್ನು ಉಜ್ಜಿ ಕೀಳುತ್ತದೆ. ಅಲ್ಲಿ ಹೆಗಲಿಗೆ ಹಾಕುವ ಬ್ರಶ್ ಕಟರೇ ಸರಿ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ ಕತ್ತರಿಸಿ. ಹೂ ಬಂದ ಮೇಲೆ ಡೆಕ್ ಬೀಜ ಹರಡುವ ಯಂತ್ರವಾಗುತ್ತದೆ, ಮುಂದಿನ ತಾಕಿಗೆ ಹೋಗುವ ಮೊದಲು ಡೆಕ್ ತೊಳೆಯಿರಿ. ಲಂಟಾನ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಡೆಕ್ ದಾರಿ ಮಾಡಿಕೊಡಲಿ, ಮಣ್ಣು ಹಸಿ ಇರುವಾಗ ಬೇರು ಕಾಂಡ ಸೇರುವ ಜಾಗದ ಕೆಳಗೆ ಗುದ್ದಲಿಯಿಂದ ಕಡಿದು, ಬುಡವನ್ನು ತಲೆಕೆಳಗೆ ಮಾಡಿ ಒಣಗಿಸಿ.

ಹೈಡ್ರಾಲಿಕ್ ರಿಪೇರಿಯವರು, ಪೀಣ್ಯ

ಒಂದು ಬಿಟ್ಟುಹೋಗಿತ್ತು. ಬಿಚ್ಚಿಟ್ಟ ಡೆಕ್ ಬಿಸಿಲಿನಲ್ಲಿ ಇದ್ದರೆ ಹೋಸಿನೊಳಗಿನ ಎಣ್ಣೆ ಹಿಗ್ಗಿ ಫ್ಲಾಟ್ ಫೇಸ್ ಕಪ್ಲರ್ (ಹೋಸನ್ನು ಗಾಡಿಗೆ ಸಿಕ್ಕಿಸುವ ಚಪ್ಪಟೆ ಮುಖದ ಜೋಡಣೆ) ಕೂರುವುದೇ ಇಲ್ಲ. ಸುತ್ತಿಗೆಯಿಂದ ಬಡಿದರೆ ಮುಖ ಗೀರಿ ಶಾಶ್ವತವಾಗಿ ಸೋರುತ್ತದೆ. ಡೆಕ್ ನೆರಳಿಗೆ ಎಳೆದು, ಹೋಸಿನ ಇನ್ನೊಂದು ತುದಿಯ ನಟ್ಟನ್ನು ಬಟ್ಟೆ ಸುತ್ತಿ ಕಾಲು ಸುತ್ತು ಸಡಿಲಿಸಿ, ಒತ್ತಡ ಬಿಟ್ಟು, ಬಿಗಿ ಮಾಡಿ. ಆಮೇಲೆ ಕಪ್ಲರ್ ಒರೆಸಿ ಕೂರಿಸಿ, ಕಾಲರ್ ತಿರುಗಿಸಿ ಲಾಕ್ ಮಾಡಿ.