ಸ್ಲೆಡ್ ಡಾಗ್, ಕೆನಲ್, ಆರ್‌ವಿ: ಅಲಾಸ್ಕ ಪ್ರವಾಸಲೇಖನಕ್ಕೆ ಪದಗಳು ಬೇಕಾಗಿವೆ

ಪ್ರಶ್ನೆ

ಮಾನ್ಯರೇ,

ನಮ್ಮ ಕನ್ನಡ ಕೂಟದ ಸಂಚಿಕೆಗಾಗಿ ಅಲಾಸ್ಕದ ಬೇಸಿಗೆ ಪ್ರವಾಸವನ್ನು ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ; ಪುಟಗಳು ನಾಳೆ ಸಂಜೆಗೆ ಅಚ್ಚಿಗೆ ಹೋಗಬೇಕು. ಲೇಖಕರು ಅಡುಗೆಯ ಕಟ್ಟೆ, ಹಾಸಿಗೆಗಳೆಲ್ಲ ಒಳಗೇ ಇರುವ ಆರ್‌ವಿ ವಾಹನದಲ್ಲಿ ಆಂಕರೇಜಿನಿಂದ ಸುಮಾರು 200 ಕಿ.ಮೀ. ದೂರದ ಸೀವರ್ಡ್ ಬಂದರಿಗೆ ಹೋಗಿ, ಕೀನೈ ಫ್ಯೋರ್ಡ್ಸ್ ರಾಷ್ಟ್ರೀಯ ಉದ್ಯಾನದ ಕರಾವಳಿಯಲ್ಲಿ ಸೀ ಆಟರ್, ಸ್ಟೆಲರ್ ಸೀ ಲಯನ್, ಪಫಿನ್ ಹಕ್ಕಿಗಳನ್ನು ದೋಣಿಯಿಂದ ನೋಡಿ, ಮರುದಿನ ಹಿಮದ ಮೇಲೆ ಜಾರುವ ಸ್ಲೆಡ್ ಎಂಬ ವಾಹನವನ್ನು ನಾಯಿಗಳು ಎಳೆಯುವ ಇಡಿಟರಾಡ್ ಓಟಕ್ಕೆ ನಾಯಿಗಳನ್ನು ಸಾಕಿ ಪಳಗಿಸುವ ಕೆನಲ್ ಒಂದಕ್ಕೆ ಭೇಟಿ ನೀಡಿದ್ದಾರೆ. ಸ್ಲೆಡ್ ಡಾಗ್ ಎಂಬುದಕ್ಕೆ ನಾನು ‘ಜಾರುಬಂಡಿ ನಾಯಿ’ ಎಂದು ಬರೆದರೆ, ಜಾರುಬಂಡಿ ಮಕ್ಕಳ ಆಟದ ಮೈದಾನದಲ್ಲಿರುವುದಲ್ಲವೇ ಎಂದು ಸಂಪಾದಕರು ಕೇಳುತ್ತಾರೆ. ಕೆನಲ್, ಆರ್‌ವಿ ಮತ್ತು ಈ ಪ್ರಾಣಿಗಳ ಹೆಸರುಗಳಿಗೂ ಪದಗಳನ್ನು ದಯವಿಟ್ಟು ಸೂಚಿಸಿ.

ಮೊದಲ ಉತ್ತರ

ಮಕ್ಕಳು ಜಾರುವುದು ಜಾರುಬಂಡೆ. ಅದಿರಲಿ, ನನ್ನ ತಕರಾರು ಬಂಡಿಯ ಬಗ್ಗೆ. ತಮಿಳಿನ ವಂಡಿ, ತೆಲುಗಿನ ಬಂಡಿ, ನಮ್ಮ ಬಂಡಿ ಇವೆಲ್ಲವೂ ಗಾಲಿಯ ಮೇಲೆ ಉರುಳುವ ವಾಹನಗಳಾಗಿರುವಾಗ, ಎರಡು ಪಟ್ಟಿಗಳ ಮೇಲೆ ಹಿಮದಲ್ಲಿ ಜಾರುವ ಚೌಕಟ್ಟಿಗೆ ಆ ಹೆಸರನ್ನು ಅಂಟಿಸುವುದು ಪದಕ್ಕೆ ಮಾಡುವ ಅನ್ಯಾಯ. ‘ಹಿಮಜಾರುಕ’ ಎನ್ನಿ, ಅದನ್ನು ಎಳೆಯುವುದು ‘ಎಳೆನಾಯಿ’. ಕೆನಲ್ ‘ನಾಯಿಹಟ್ಟಿ’, ಆರ್‌ವಿ ‘ಮನೆಬಂಡಿ’. ಆರ್‌ವಿಗೆ ಕ್ಯಾರವಾನ್ ಎಂದು ಬರೆಯುವವರಿಗೆ ಕನ್ನಡದ ಅಗತ್ಯವೇ ಇಲ್ಲ.

ಎರಡನೆಯ ಉತ್ತರ

ಮೇಲಿನವರು ನಿಘಂಟನ್ನು ತೆರೆದರೇ ಹೊರತು ಲೇಖನ ಯಾವ ಋತುವಿನದೆಂದು ನೋಡಲಿಲ್ಲ. ಬೇಸಿಗೆಯಲ್ಲಿ ಸೀವರ್ಡ್ ಊರಿನಲ್ಲಿ ಹಿಮವಿರುವುದಿಲ್ಲವಾದ್ದರಿಂದ ಅಲ್ಲಿನ ನಾಯಿಗಳು ಪ್ರವಾಸಿಗರನ್ನು ಎಳೆಯುವುದು ಗಾಲಿಯುಳ್ಳ ಗಾಡಿಯಲ್ಲಿ. ಅಲ್ಲಿ ಬಂಡಿಯೇ ಸರಿ, ಜಾರುವ ಮಾತು ತಪ್ಪು. 1973ರಿಂದ ಆಂಕರೇಜ್ ಮತ್ತು ನೋಮ್ ನಡುವೆ ಸುಮಾರು 1,600 ಕಿ.ಮೀ. ನಡೆಯುತ್ತಿರುವ ಚಳಿಗಾಲದ ಇಡಿಟರಾಡ್ ಓಟದ ಪ್ರಸ್ತಾಪ ಬಂದಲ್ಲಿ ‘ಹಿಮಬಂಡಿ’ ಎಂದರೆ ಯಾರಿಗೂ ಅರ್ಥವಾಗುತ್ತದೆ. ‘ಎಳೆನಾಯಿ’ ಎಂದರೆ ಓದುಗರು ಎಳೆಯ ಮರಿಯನ್ನು ಹುಡುಕುತ್ತಾರೆ. ಕರಾವಳಿಯವರಿಗೆ ಹಟ್ಟಿ ದನದ ಕೊಟ್ಟಿಗೆ. ‘ನಾಯಿಗಳ ತರಬೇತಿ ಕೇಂದ್ರ’ ಎಂದು ನೇರವಾಗಿ ಬರೆಯಬಹುದು.

ಸೀ ಲಯನ್‌ಗೆ ಹೊರಗಿವಿ ಇದೆ, ಮುಂದಿನ ಈಜುಗಾಲುಗಳನ್ನೂರಿ ಅದು ನೆಲದ ಮೇಲೆ ನಡೆಯಬಲ್ಲದು; ಆದ್ದರಿಂದ ಸೀಲ್‌ನೊಂದಿಗೆ ಬೆರೆಸದೆ ‘ಕಡಲಸಿಂಹ’ ಎನ್ನಿ. ಸೀ ಆಟರ್ ನಮ್ಮ ತುಂಗಭದ್ರೆಯ ನೀರುನಾಯಿಯ ಕುಟುಂಬದ್ದೇ, ‘ಕಡಲ ನೀರುನಾಯಿ’ ಸಾಕು. ಅದನ್ನು ಕಡಲನಾಯಿ ಎಂದು ಮೊಟಕುಗೊಳಿಸಿದರೆ, ಅದರಲ್ಲೂ ನಿಜವಾದ ನಾಯಿಗಳಿರುವ ಲೇಖನದಲ್ಲಿ, ಗೊಂದಲ ಖಂಡಿತ.

ಇನ್ನು ಕ್ಯಾರವಾನ್. ಚಿತ್ರೀಕರಣದ ಸುದ್ದಿ ಓದುವವರಿಗೆಲ್ಲ ಗೊತ್ತಿರುವ ಪದವದು. ಅದನ್ನು ಹೊರಗಟ್ಟುವ ಪತ್ರದಲ್ಲಿಯೇ ‘ತಕರಾರು’ ಇದೆ. ಆ ಪದ ಬಂದದ್ದು ಅರಬ್ಬಿಯಿಂದ.

ಮೊದಲ ಉತ್ತರದವರಿಂದ

ತಕರಾರು ಕನ್ನಡದ ನಾಲಿಗೆಯಲ್ಲಿ ತಲೆಮಾರುಗಳಿಂದ ಸವೆದು ನಮ್ಮದಾಗಿದೆ, ಕ್ಯಾರವಾನ್ ಹಾಗಲ್ಲ. ಪಾರಸಿಯಲ್ಲಿ ಆ ಪದದ ಅರ್ಥ ಒಟ್ಟಾಗಿ ಸಾಗುವ ಪ್ರಯಾಣಿಕರ ತಂಡ ಎಂದು. ಒಂದೇ ಕುಟುಂಬ ಓಡಿಸಿಕೊಂಡು ಹೋಗುವ ವಾಹನಕ್ಕೆ ಅದನ್ನು ಇಂಗ್ಲಿಷಿನವರು ತಿರುಚಿದ್ದನ್ನು ನಾವೇಕೆ ಹೊರಬೇಕು? ಬೇಸಿಗೆಯ ಗಾಡಿಯ ವಿಷಯ ಒಪ್ಪಿದೆ, ಮನೆಬಂಡಿಯನ್ನು ಬಿಡಲಾರೆ. ಪಫಿನ್ ಇದ್ದಂತೆಯೇ ಇರಲಿ. ನಮ್ಮ ಕಡಲಲ್ಲಿ ಇಲ್ಲದ ಹಕ್ಕಿಗೆ ಹೆಸರು ಕಟ್ಟುವ ಹಟ ನನಗಿಲ್ಲ.