ಎಟಿಆರ್ ಪೈಲಟ್‌ಗೆ ಏರ್‌ಬಸ್ ಪೈಲಟ್‌ಗಿಂತ ಸಂಬಳ ಕಡಿಮೆ ಏಕೆ?

ಅಡಿಕೆತೋಟ (ಶಿರಸಿ):
ನನ್ನ ತಮ್ಮನ ಮಗಳು 200 ಗಂಟೆಗಳ ಹಾರಾಟ ಪೂರೈಸಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದಿದ್ದಾಳೆ. ಈಗ ಎಟಿಆರ್ 72 ಎಂಬ ಪ್ರೊಪೆಲರ್ ವಿಮಾನದ ಸಹಪೈಲಟ್ ಹುದ್ದೆಗೆ ಅವಳಿಗೆ ಕರೆ ಬಂದಿದೆ. ಆದರೆ ಏರ್‌ಬಸ್ ಎ320 ಹಾರಿಸುವವರಿಗಿಂತ ಅಲ್ಲಿ ಸಂಬಳ ಕಡಿಮೆಯೆಂದು ಅವಳ ಜೊತೆಗಾರರು ಹೇಳುತ್ತಿದ್ದಾರೆ. ಕಳೆದ ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಎಟಿಆರ್‌ನಲ್ಲಿ ಹೋಗಿದ್ದೆ. ದಾರಿಯುದ್ದಕ್ಕೂ ಮೋಡದೊಳಗೇ ಕುಲುಕುತ್ತ ಸಾಗಿದ ಆ ವಿಮಾನವನ್ನು ಹಾರಿಸುವುದು ಸುಲಭದ ಕೆಲಸವೆಂದು ನನಗಂತೂ ಅನ್ನಿಸಲಿಲ್ಲ. ಹಾಗಿರುವಾಗ ಈ ತಾರತಮ್ಯ ಏಕೆ? ಅವಳು ಈ ಹುದ್ದೆಯನ್ನು ಒಪ್ಪಬಹುದೇ?

ಕಾಳಿದಂಡೆ (ಕಾರವಾರ):
ತಾವು ಕಂಡದ್ದು ಸರಿಯಾಗಿಯೇ ಇದೆ. ಎ320 ವಿಮಾನ 39,000 ಅಡಿಯವರೆಗೆ ಏರಿ ಬಹುಪಾಲು ಮೋಡಗಳನ್ನು ಕೆಳಗೆ ಬಿಡಬಲ್ಲದು. ಎಟಿಆರ್‌ನ ಮಿತಿ 25,000 ಅಡಿ. ಆದರೆ ಸಂಬಳ ನಿಂತಿರುವುದು ಕಷ್ಟದ ಮೇಲಲ್ಲ, ವಿಮಾನದ ದುಡಿಮೆಯ ಮೇಲೆ. 78 ಆಸನಗಳ ಎಟಿಆರ್ ಗಂಟೆಗೆ ಸುಮಾರು 500 ಕಿ.ಮೀ. ಸಾಗಿದರೆ, 186 ಆಸನಗಳ ಎ320 ಸುಮಾರು 830 ಕಿ.ಮೀ. ಸಾಗುತ್ತದೆ. ಆಸನವನ್ನೂ ವೇಗವನ್ನೂ ಗುಣಿಸಿ ನೋಡಿ: ಒಂದೇ ಗಂಟೆಯಲ್ಲಿ ಏರ್‌ಬಸ್ ಸುಮಾರು ನಾಲ್ಕು ಪಟ್ಟು ದುಡಿಯುತ್ತದೆ. ಕಾಕ್‌ಪಿಟ್‌ನಲ್ಲಿ ಕೂರುವವರು ಮಾತ್ರ ಎರಡರಲ್ಲೂ ಇಬ್ಬರೇ.

ಈ ಲೆಕ್ಕ ಇಂದಿನದಲ್ಲ. ಅಮೆರಿಕದಲ್ಲಿ 1934ರಲ್ಲಿ ಅಲ್ಲಿನ ಕಾರ್ಮಿಕ ಮಂಡಳಿ ನೀಡಿದ 83ನೆಯ ತೀರ್ಪು, ಪೈಲಟ್‌ಗಳ ಗಂಟೆಯ ವೇತನವನ್ನು ವಿಮಾನದ ವೇಗಕ್ಕೆ ಜೋಡಿಸಿತು. ಮುಂದೆ ವಿಮಾನದ ತೂಕವೂ ಲೆಕ್ಕಕ್ಕೆ ಸೇರಿತು. ನಮ್ಮ ಬಂದರಿನಲ್ಲೇ ನೋಡಿ, ದೊಡ್ಡ ಬಲೆಯ ಪರ್ಸೀನ್ ಬೋಟು ನಡೆಸುವ ತಾಂಡೇಲನಿಗೂ ಪುಟ್ಟ ಪಾತಿದೋಣಿಯವನಿಗೂ ಸಿಗುವ ಪಾಲು ಒಂದೇ ಅಲ್ಲ. ಹಾಗೆಂದು ಅಲೆ ದಾಟಿಸುವ ಜಾಣ್ಮೆಯಲ್ಲಿ ಪಾತಿಯವನು ಕಡಿಮೆಯೆಂದು ಇಲ್ಲಿ ಯಾರೂ ಹೇಳಲಾರರು. ಜೆಟ್ ಎಂಜಿನ್ ಇದ್ದಮಾತ್ರಕ್ಕೆ ಎ320ಯಷ್ಟು ದುಡಿಮೆ ಆಗುವುದಿಲ್ಲ. ಬೆಳಗಾವಿಯವರಿಗೆ ಪರಿಚಿತವಾದ ಸ್ಟಾರ್ ಏರ್‌ನ ಎಂಬ್ರೇಯರ್ 175 ಜೆಟ್ ವಿಮಾನವೇ ಆದರೂ ಅದರಲ್ಲಿರುವುದು 76 ಆಸನ.

ರೋಸ್ಟರ್ (ಗೋವಾದಲ್ಲಿರುವ ಕುಮಟೆಯವನು):
ವಿಮಾನಯಾನ ಸಂಸ್ಥೆಯೊಂದರಲ್ಲಿ ಸಿಬ್ಬಂದಿಯ ರೋಸ್ಟರ್, ಅಂದರೆ ಪಾಳಿಪಟ್ಟಿ, ಹಾಕುವ ಕೆಲಸ ನನ್ನದು. ಮೇಲಿನ ಮಾತಿಗೆ ಒಂದನ್ನು ಸೇರಿಸುತ್ತೇನೆ. ಹಾರಾಟದ ಭತ್ಯೆಯನ್ನು ಸಾಮಾನ್ಯವಾಗಿ ಎಣಿಸುವುದು ಬ್ಲಾಕ್ ಅವರ್‌ನಲ್ಲಿ, ಅಂದರೆ ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಮುಂದಿನ ನಿಲ್ದಾಣದಲ್ಲಿ ನಿಲ್ಲುವವರೆಗೆ. ಎಟಿಆರ್‌ನವರು ತಲಾ ಒಂದು ಗಂಟೆಯ ನಾಲ್ಕು ಹಾರಾಟ ಮಾಡಿದ ದಿನ, ನಡುವೆ ಪ್ರಯಾಣಿಕರು ಇಳಿದು ಹತ್ತುವ ಮೂರು ಬಿಡುವುಗಳು ಲೆಕ್ಕಕ್ಕೆ ಬಾರವು. ಏರ್‌ಬಸ್‌ನವರು ಎರಡೇ ದೀರ್ಘ ಹಾರಾಟಗಳಲ್ಲಿ ಐದು ಗಂಟೆ ದಾಟಿಸುತ್ತಾರೆ. ಆದ್ದರಿಂದ ಗಂಟೆಯ ದರ ಕೇಳಿದರೆ ಸಾಲದು. ತಿಂಗಳಿಗೆ ಎಷ್ಟು ಗಂಟೆಯ ಭತ್ಯೆ ಖಾತರಿ ಎಂಬುದನ್ನು ಒಪ್ಪಂದದಲ್ಲಿ ಓದಲಿ.

ನನ್ನ ಅಭಿಪ್ರಾಯದಲ್ಲಿ ಅವಳು ಒಪ್ಪಬೇಕು. ಲೈಸೆನ್ಸ್ ಕೈಯಲ್ಲಿಟ್ಟುಕೊಂಡು ಮನೆಯಲ್ಲಿ ಕಳೆದ ವರ್ಷದಲ್ಲಿ ಒಂದು ಗಂಟೆಯೂ ಲಾಗ್‌ಬುಕ್‌ಗೆ ಸೇರುವುದಿಲ್ಲ. ಕಮಾಂಡರ್ (ವಿಮಾನದ ಮುಖ್ಯ ಪೈಲಟ್) ಆಗಲು ಬೇಕಾದ ಎಟಿಪಿಎಲ್ ಎಂಬ ಮೇಲ್ದರ್ಜೆಯ ಲೈಸೆನ್ಸ್‌ಗೆ 1,500 ಗಂಟೆಗಳ ಅನುಭವ ಬೇಕು, ಎಟಿಆರ್‌ನ ಗಂಟೆಗಳೂ ಅದಕ್ಕೆ ಸಲ್ಲುತ್ತವೆ. ಮುಂದೆ ಏರ್‌ಬಸ್‌ಗೆ ಹೋಗಬೇಕೆಂದರೆ ಹೊಸದಾಗಿ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನ ಹಾರಿಸಲು ಬೇಕಾದ ತರಬೇತಿ ಮತ್ತು ಅರ್ಹತೆ, ಮಾಡಬೇಕು, ಸಂಸ್ಥೆ ಬದಲಿಸಿದರೆ ಹಿರಿತನವೂ ಹೋಗಬಹುದು. ಎಟಿಆರ್‌ನಲ್ಲಿ ಕಮಾಂಡರ್ ಆದಮೇಲೆ ಹೊರಟರಂತೂ ಮತ್ತೆ ಬಲಗಡೆಯ ಸೀಟಿನಿಂದ, ಅಂದರೆ ಸಹಪೈಲಟ್ ಆಗಿ, ಆರಂಭಿಸಬೇಕಾದೀತು.

ಅಡಿಕೆತೋಟ (ಶಿರಸಿ):
ಇಬ್ಬರಿಗೂ ಧನ್ಯವಾದಗಳು. ಟೈಪ್ ರೇಟಿಂಗ್ ಖರ್ಚನ್ನು ಸಂಸ್ಥೆಯೇ ಭರಿಸುವುದಾಗಿಯೂ, ಪ್ರತಿಯಾಗಿ ಬಾಂಡ್ ಬರೆದುಕೊಡಬೇಕೆಂದೂ ಪತ್ರದಲ್ಲಿದೆ. ಇದು ವಾಡಿಕೆಯೇ?

ರೋಸ್ಟರ್:
ವಾಡಿಕೆಯೇ. ಬಾಂಡ್ ಎಷ್ಟು ವರ್ಷದ್ದು, ನಡುವೆ ಬಿಟ್ಟರೆ ಉಳಿದ ಅವಧಿಗೆ ತಕ್ಕಷ್ಟೇ ಹಣ ಕಟ್ಟಬೇಕೋ ಪೂರ್ತಿಯೋ ಎಂಬುದನ್ನು ಸಹಿಗೆ ಮುನ್ನ ಬರವಣಿಗೆಯಲ್ಲಿ ಕೇಳಿ. ನೋಟಿಸ್ ಅವಧಿ ಬೇರೆಯೇ ಇದೆ: ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ 2017ರಲ್ಲಿ ಸಹಪೈಲಟ್‌ಗೆ ಆರು ತಿಂಗಳು, ಕಮಾಂಡರ್‌ಗೆ ಒಂದು ವರ್ಷ ಎಂದು ನಿಗದಿಪಡಿಸಿತು. ಏರ್‌ಬಸ್‌ಗೆ ಹೋಗುವ ಆಸೆಯಿದ್ದರೆ ಆ ಆರು ತಿಂಗಳನ್ನೂ ಈಗಲೇ ಲೆಕ್ಕದಲ್ಲಿಟ್ಟುಕೊಳ್ಳಲಿ.